ಆಯಿ ಕಿತ್ತೊಗೆದ ಬಳ್ಳಿ

ನಮ್ಮ ಅಂಗಳದ ಉದ್ದ ಹದಿನೆಂಟು ಅಡಿ, ಅಗಲ ಹನ್ನೊಂದು. ಗೇಟಿನಿಂದ ಕಟ್ಟೆಗೆ ನನ್ನ ಹೆಜ್ಜೆಯಲ್ಲಿ ಎಂಟು, ಆಯಿಯ ಹೆಜ್ಜೆಯಲ್ಲಿ ಹದಿನಾರು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಈ ಎರಡು ಲೆಕ್ಕ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇವೆ. ಶಾಲೆಯೊಂದರ ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಕೈ ಸುಮ್ಮನಿರುವುದಿಲ್ಲ, ಕಂಡದ್ದನ್ನೆಲ್ಲ ಎಣಿಸಿ ಬರೆದಿಡುತ್ತೇನೆ.

ಅತನೂರಿನಿಂದ ಅಫಜಲಪುರದ ಈ ಪ್ಲಾಟಿಗೆ ಬಂದು ನಮಗೆ ಮೂರು ವರ್ಷ. ಹೊಲ ಇನ್ನೂ ಅಲ್ಲೇ ಇದೆ, ಅಪ್ಪ ದಿನಾ ಬೈಕಿನಲ್ಲಿ ಹೋಗಿ ಬರುತ್ತಾನೆ. ಪ್ಲಾಟಿನ ನೆಲವೂ ಹೊಲದ ಹಾಗೆಯೇ ಅಪ್ಪಟ ಎರಿ, ಕಪ್ಪು ಮಣ್ಣು. ಮೇ ತಿಂಗಳಲ್ಲಿ ಅಂಗಳದ ಬಿರುಕುಗಳನ್ನು ಎಣಿಸಿದೆ: ಮೂವತ್ತೊಂದು. ಎಲ್ಲಕ್ಕಿಂತ ದೊಡ್ಡದರಲ್ಲಿ ನನ್ನ ಸ್ಕೇಲು ಪೂರ್ತಿ ಇಳಿದು ಕಾಣದಾಯಿತು, ತಂತಿ ಹಾಕಿ ಎತ್ತಬೇಕಾಯಿತು. ಮಳೆ ಬಿದ್ದರೆ ಅದೇ ನೆಲ ಅಂಟು. ಜೂನ್ 8ರಂದು ಒಂದು ಚಪ್ಪಲಿಗೆ ಹತ್ತಿದ ಎರಿಯನ್ನು ಕೆರೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 640 ಗ್ರಾಂ. ಅವ್ವ ನನ್ನನ್ನು ಬೈಯಲಿಲ್ಲ, ತಕ್ಕಡಿಯನ್ನು ಮಾತ್ರ ನನ್ನ ಕೈಯಿಂದಲೇ ಮೂರು ಸಲ ತೊಳೆಸಿದಳು.

ಆಯಿಗೆ ಈ ನೆಲ ಬೇಕು. ಬೆಳಿಗ್ಗೆ ಚಹಾ ಕುಡಿದು, ಬರಿಗಾಲಲ್ಲಿ ಕಟ್ಟೆ ಇಳಿದು, ಗೇಟಿನವರೆಗೆ ಹೋಗಿ, ಗೇಟು ಮುಟ್ಟಿ, ತಿರುಗಿ ಬರುತ್ತಾಳೆ. ಹೀಗೆ ಐದಾರು ಸಲ. ಅದಕ್ಕೆ ಅವಳು 'ನೆಲ ನೋಡಿ ಬರೂದು' ಅನ್ನುತ್ತಾಳೆ. ಅರವತ್ತು ವರ್ಷ ಹೊಲದಲ್ಲಿ ಕಳೆದವಳು. ಒಂದು ದಿನ ನೆಲ ನೋಡದಿದ್ದರೆ ಮಧ್ಯಾಹ್ನದ ರೊಟ್ಟಿ ಅರ್ಧಕ್ಕೆ ಬಿಡುತ್ತಾಳೆ. ಕಳೆದ ಮಳೆಗಾಲದಲ್ಲಿ ಹೀಗೆ ನೆಲ ನೋಡಲು ಹೋದವಳು ಹನ್ನೊಂದನೇ ಹೆಜ್ಜೆಗೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ನಲವತ್ತೆರಡು ದಿನ ಪ್ಲಾಸ್ಟರ್. ಅಂದಿನಿಂದ ಅಪ್ಪನ ಹುಕುಂ: ನೆಲ ಹಸಿ ಇದ್ದರೆ ಆಯಿ ಕಟ್ಟೆ ಇಳಿಯುವ ಹಾಗಿಲ್ಲ. ಕಟ್ಟೆಯ ಮೇಲೆ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಬಂತು. ಆಯಿ ಅದರಲ್ಲಿ ಕೂತಳು, ಆದರೆ ಒಮ್ಮೆಯೂ ಬೆನ್ನು ಆನಿಸಿ ಕೂರಲಿಲ್ಲ.

ಜೂನ್‌ನ ಒಂದು ರವಿವಾರ ಅಪ್ಪನಿಗೆ ಬುತ್ತಿ ಒಯ್ದಿದ್ದೆ. ಬದುವಿನ ಮೇಲೆ ಕೂತು ಉಣ್ಣುತ್ತಾ ಅಪ್ಪ ಹೇಳಿದ, "ಅಂಗಳಕ್ಕ ಪೂರಾ ಫರಸಿ ಹಾಕಸ್ತೇನಿ. ಶಹಾಬಾದ್ ಕಲ್ಲು. ಗೋಡಿಯಿಂದ ಗೋಡಿಗೆ."

"ಅಂದ್ರ ಆಯಿ ನೆಲ ಎಲ್ಲಿ ನೋಡಬೇಕಪ್ಪಾ?"

"ಫರಸಿ ಮ್ಯಾಲ ನಡೀಲಿ. ಬೀಳಂಗಿಲ್ಲ."

"ಬ್ಯಾಸಗಿ ಬಿಸಲಾಗ ಫರಸಿ ಮ್ಯಾಲ ರೊಟ್ಟಿ ಬೇಯ್ತದ. ಬರಿಗಾಲ್ಲೆ ಹೆಂಗ ನಡೀತಾಳ? ನೆಲಕ್ಕ ಏನರೆ ಹಬ್ಬಸೋಣ. ಹಸರು ಹಾಸಿಗಿ ಹಾಸಿದಂಗ ಆದ್ರ ಎರಿ ಕಾಲಿಗಿ ಹತ್ತಂಗಿಲ್ಲ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಕರಕಿ ಹಚ್ಚತೀ ಏನು? ಕರಕಿ ಹಚ್ಚಿದ್ರ ನಿನ್ನೂ ಕರಕಿನೂ ಕೂಡಿ ಹೊರಗ ಹಾಕ್ತೇನಿ, ನೋಡು. ಈ ಹೊಲದಾಗಿಂದ ಕರಕಿ ತಗೀಲಾಕ ನನಗ ನಾಕು ವರ್ಷ ಹತ್ತ್ಯಾವ."

ಕರಕಿ ಎಂದರೆ ಗರಿಕೆ ಹುಲ್ಲು. ನಮ್ಮ ಮನೆಯಲ್ಲಿ ಗಣೇಶನಿಗೆ ಬಿಟ್ಟು ಅದಕ್ಕೆ ಬೇರೆ ಯಾರ ಮರ್ಯಾದೆಯೂ ಇಲ್ಲ. ಕರಕಿ ನೆಡುವುದಿಲ್ಲವೆಂದು ಮಾತು ಕೊಟ್ಟೆ. ಕೊನೆಗೆ ಅಪ್ಪ ಒಂದು ಶರ್ತು ಹಾಕಿದ: ದಸರಾ ಹಬ್ಬದ ತನಕ ಸಮಯ. ಮಳೆ ಬಂದ ಮರುದಿನ ಅವನು ಗೇಟಿನಿಂದ ಕಟ್ಟೆಗೆ ನಡೆದು ಬರುತ್ತಾನೆ. ಚಪ್ಪಲಿಗೆ ಎರಿ ಹತ್ತಬಾರದು. ಹತ್ತಿದರೆ ದೀಪಾವಳಿಯೊಳಗೆ ಫರಸಿ. ಆಯಿಗೆ ಈಗಲೇ ಏನೂ ಹೇಳುವುದು ಬೇಡ, ಸುಮ್ಮನೆ ಮನಸ್ಸು ಕೆಡಿಸಿಕೊಳ್ಳುತ್ತಾಳೆ ಅಂದ. ನಾನೂ ಹೂಂ ಅಂದೆ. ಆ ಹೂಂ ನನ್ನ ಮೊದಲ ತಪ್ಪು. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿಲ್ಲ.

ಎಂಥ ಗಿಡ ಬೇಕು ಎಂಬುದನ್ನು ಮೊದಲು ಬರೆದುಕೊಂಡೆ. ಪಾದದ ಗಂಟಿಗಿಂತ ಎತ್ತರ ಬೆಳೆಯಬಾರದು, ಬೆಳೆದರೆ ಚೇಳು ಬಂದು ಕೂರುತ್ತದೆ. ನಲ್ಲಿ ನೀರು ದಿನಾ ಬರುವುದಿಲ್ಲ, ಆದ್ದರಿಂದ ದಿನಾ ನೀರು ಕೇಳಬಾರದು. ಮಳೆಗಾಲದಲ್ಲಿ ನೀರು ನಿಂತರೆ ಕೊಳೆಯಬಾರದು. ತುಳಿದರೆ ಸಾಯಬಾರದು. ಇವೆಲ್ಲ ಇರುವ ಗಿಡ ಯಾವುದೆಂದು ಕಲಬುರಗಿಯ ನರ್ಸರಿಯಲ್ಲಿ ಕೇಳಿದಾಗ ಅಲ್ಲಿದ್ದವನು ನಕ್ಕು, "ಪ್ಲಾಸ್ಟಿಕ್ ಹುಲ್ಲು ಬರ್ತದ ನೋಡ್ರಿ ಅಕ್ಕಾ" ಅಂದ.

ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದ ಮೇಲೆ, ಜೂನ್ 16ಕ್ಕೆ, ಕಟ್ಟೆಯ ಮುಂದೆ ದಾರ ಕಟ್ಟಿ ನಾಲ್ಕು ಚೌಕ ಮಾಡಿದೆ. ಒಂದರಲ್ಲಿ ನರ್ಸರಿಯ ಲಾನ್ ಹುಲ್ಲು. ಎರಡನೆಯದರಲ್ಲಿ ಆಳಂದದ ನನ್ನ ಚಿಗವ್ವನ ಮನೆಯಿಂದ ತಂದ ಹತ್ತು ಗಂಟೆ ಹೂ, ಗುಲಾಬಿ ಬಣ್ಣದ್ದು. ಮೂರನೆಯದರಲ್ಲಿ ಕುಂಡಗಳಲ್ಲಿ ಇಳಿಬಿಡುವ ನೇರಳೆ ಎಲೆಯ ಬಳ್ಳಿ. ನಾಲ್ಕನೆಯದು ಪಕ್ಕದ ಮನೆಯ ಚಾಚಿ ಕೊಟ್ಟದ್ದು. ಚಾಚಿ ಹೊಲಿಗೆ ಮಾಡುತ್ತಾಳೆ, ಅವಳ ತವರು ಜೇವರ್ಗಿ ಕಡೆ, ಭೀಮಾ ನದಿಯ ದಂಡೆಯ ಊರು. ಅಲ್ಲಿಂದ ಹಿಂದೆಂದೋ ತಂದ ಒಂದು ಬಳ್ಳಿ ಅವಳ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಹಬ್ಬಿತ್ತು. ಉಗುರಿನಷ್ಟು ಎಲೆ, ಕಡ್ಡಿಪೆಟ್ಟಿಗೆಯ ಕಡ್ಡಿಯ ತಲೆಯಷ್ಟು ಹೂ.

"ಇದರ ಹೆಸರೇನ್ರಿ ಚಾಚಿ?"

"ಹೆಸರು ಯಾರಿಗಿ ಗೊತ್ತು ಬೇಟಿ? ನದಿ ದಂಡಿಗಿ ಎಮ್ಮಿ ತುಳೀತಾವ, ಮ್ಯಾಲ ಹೊರಳ್ಯಾಡ್ತಾವ, ಮತ್ತ ಬರ್ತದ. ಒಯ್ಯಿ. ಬದುಕಿದ್ರ ನನಗ ಬ್ಲೌಸ್ ಹೊಲಿಸಿ ಕೊಡು, ಸತ್ರ ಬ್ಯಾಡ."

ಒಂದು ಹಿಡಿಯಷ್ಟೇ ಕೊಟ್ಟಳು. ನಾನು ಅದನ್ನು 'ನದಿ ಬಳ್ಳಿ' ಎಂದು ಬರೆದುಕೊಂಡೆ.

ಪ್ರತಿ ರವಿವಾರ ಸಂಜೆ ಬೆರಳು ಇಟ್ಟು ಅಳೆಯುತ್ತಿದ್ದೆ. ನಾಲ್ಕನೇ ವಾರಕ್ಕೆ ಹತ್ತು ಗಂಟೆ ಹೂ ಎಲ್ಲದಕ್ಕಿಂತ ಮುಂದೆ, ಹದಿಮೂರು ಬೆರಳು ಹರಡಿತ್ತು. ನೇರಳೆ ಬಳ್ಳಿ ಹನ್ನೊಂದು. ಲಾನ್ ಹುಲ್ಲು ಆರು. ನದಿ ಬಳ್ಳಿ ನಾಲ್ಕೇ ಬೆರಳು ಹರಡಿ, ಇದ್ದಲ್ಲೇ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಅದರ ಮುಂದೆ 'ಕೊನೆಯ ಸ್ಥಾನ' ಎಂದು ಬರೆದೆ. ಕುರ್ಚಿಯಲ್ಲಿ ಕೂತ ಆಯಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಂಜೆ ಒಳಗಿದ್ದ ಅವ್ವನಿಗೆ ಕೇಳುವಂತೆ ಹೇಳಿದಳು, "ನಿನ್ನ ಮಗಳು ಕಸ ಎಣಸಾಕತ್ತಾಳ ನೋಡಬೇ. ಓದಿಸಿದ್ದು ಸಾರ್ಥಕ ಆತು."

ಗೆದ್ದದ್ದು ಹತ್ತು ಗಂಟೆ ಹೂವೇ ಎಂದು ತೀರ್ಮಾನಿಸಿ, ಜುಲೈ 21ಕ್ಕೆ ಅಂಗಳಕ್ಕೆಲ್ಲ ಸಾಲುವಷ್ಟು ತುಂಡು ತರಲು ಆಳಂದಕ್ಕೆ ಹೋದೆ. ಚಿಗವ್ವ ಎರಡು ಚೀಲ ತುಂಬಿ ಕೊಟ್ಟಳು. ಬಸ್ಸಿನಲ್ಲಿ ಅವನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಸಂಜೆ ಗೇಟು ತೆರೆದರೆ ಅಂಗಳ ಬೋಳು. ಒಂದು ಎಲೆ ಇಲ್ಲ. ಬಿತ್ತಲಿಕ್ಕೆ ಹದ ಮಾಡಿದ ಹೊಲದಷ್ಟು ಸ್ವಚ್ಛ. ಆಯಿ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತಿದ್ದಳು, ಕಾಲ ಬಳಿ ಕಸ ತೆಗೆಯುವ ಕುರ್ಪಿ.

"ಬಂದ್ಯಾ ಬೇ? ನೋಡು, ಅಂಗಳ ಹೆಂಗ ಸಾಫ್ ಆಗೇದ."

"ಆಯಿ, ನನ್ನ ಗಿಡ ಎಲ್ಲಿ?"

"ಯಾವ ಗಿಡ?"

"ದಾರಾ ಕಟ್ಟಿದ್ದೆ ನೋಡು. ಅದರೊಳಗಿನವು."

"ಅವು ಗಿಡ ಏನು? ಕಸಕ್ಕ ದಾರಾ ಯಾಕ ಕಟ್ಟ್ಯಾಳಪ್ಪಾ ಈಕಿ ಅನಕೊಂಡೆ. ದಾರಾ ಎಲ್ಲಿ ಹೋಗಿಲ್ಲ ಬಿಡು, ಸುತ್ತಿ ಇಟ್ಟೇನಿ. ಹೂ ಕಟ್ಟಾಕ ಆಗ್ತದ."

ಆಯಿ ಸೀರೆಯ ಉಡಿ ಬಿಚ್ಚಿ ತೋರಿಸಿದಳು. ಅದರ ತುಂಬ ಗೋಳಿ ಪಲ್ಯ. ಅಂಗಳದ ಮೂಲೆಯಲ್ಲಿ ತಾನೇ ಹುಟ್ಟಿದ್ದ ಆ ಸೊಪ್ಪನ್ನು ಮಾತ್ರ ಅವಳು ಕಸದೊಂದಿಗೆ ಒಗೆದಿರಲಿಲ್ಲ. ಹೊಲದಲ್ಲಿ ಕಸ ತೆಗೆಯುವ ಹೆಂಗಸರೆಲ್ಲ ಮಾಡುವುದು ಹಾಗೆಯೇ: ತಿನ್ನುವ ಸೊಪ್ಪು ಉಡಿಗೆ, ಉಳಿದದ್ದೆಲ್ಲ ಬದುವಿಗೆ. ನಮ್ಮ ಮನೆಯಲ್ಲಿ ಬದು ಎಂದರೆ ಕಂಪೌಂಡಿನ ಬದಿ, ಬಚ್ಚಲ ನೀರು ಹರಿದು ಹೋಗುವ ಜಾಗ. ನನ್ನ ನಾಲ್ಕೂ ಚೌಕ ಅಲ್ಲಿ ಗುಡ್ಡೆಯಾಗಿ ಬಿದ್ದಿದ್ದವು.

"ಎಲ್ಲಾ ಈ ಕೈಲೆ ತಗದೇನಿ" ಅಂದಳು ಆಯಿ. ಬಲಗೈ ಎತ್ತಿ ಮಣಿಕಟ್ಟು ತಿರುಗಿಸಿ ತೋರಿಸಿದಳು. "ಒಂದ್ ಸಲಾನೂ ನೋಯ್ಲಿಲ್ಲ. ಪ್ಲಾಸ್ಟರ್ ತಗದ ಮ್ಯಾಲ ಇವತ್ತ ಮೊದಲನೇ ಸಲ ಕುರ್ಪಿ ಹಿಡದೇನಿ."

ಅವಳ ಮುಖ ನೋಡಿ ನನ್ನ ಸಿಟ್ಟು ಅರ್ಧಕ್ಕೇ ನಿಂತಿತು. ಎರಡು ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಅಪ್ಪನ ಬೈಕು ಬಂತು. ಅವನು ಅಂಗಳ ನೋಡಿದ, ನನ್ನ ನೋಡಿದ, ಕುರ್ಪಿ ನೋಡಿದ.

"ಅವ್ವಾ! ನೆಲ ಹಸಿ ಅದ, ಇಳೀಬ್ಯಾಡ ಅಂದಿದ್ದಿಲ್ಲೇನು?"

"ನಾ ಎಲ್ಲಿ ನಿಂತೇನಿ? ಕುಂತಽ ಸರದೇನಿ. ಕುಂತಾಕಿ ಬೀಳ್ತಾಳೇನು?"

ಅಪ್ಪನಿಗೆ ನಗು ಬಂತು. ನನ್ನ ಕಡೆ ತಿರುಗಿ, "ಪೈಸಲಾ ಆಗಿ ಹೋತು. ಫರಸಿಯವಗ ಫೋನ್ ಮಾಡ್ಲ್ಯಾ?" ಅಂದುಬಿಟ್ಟ.

"ಯಾವ ಫರಸಿ?" ಅಂದಳು ಆಯಿ.

ಆಗ ಎಲ್ಲವನ್ನೂ ಹೇಳಬೇಕಾಯಿತು. ಅಪ್ಪ ತನ್ನ ಅರ್ಧ ಹೇಳಿದ, ನಾನು ನನ್ನ ಅರ್ಧ ಹೇಳಿದೆ. ಆ ನಾಲ್ಕು ಚೌಕ ಇದ್ದದ್ದು ಅವಳ ಕಾಲಿಗೋಸ್ಕರ ಎಂದು ತಿಳಿದಾಗ ಆಯಿ ಉಡಿಯನ್ನು ಮತ್ತೆ ಗಂಟು ಹಾಕಿದಳು. "ನೀವು ಮೂರು ಮಂದಿ ಇರೂ ಮನ್ಯಾಗ ಒಬ್ಬರಿಗರೆ ನನ್ನ ಮುಂದ ಒಂದು ಮಾತು ಹೇಳಬೇಕು ಅನಸಲಿಲ್ಲೇನು?" ಅಂದು ಒಳಗೆ ಹೋದಳು. ರಾತ್ರಿ ಊಟಕ್ಕೆ ಗೋಳಿ ಪಲ್ಯವೇ ಇತ್ತು. ಬಹಳ ರುಚಿಯಾಗಿತ್ತು, ಯಾರೂ ಹೇಳಲಿಲ್ಲ. ಆಯಿ ಅರ್ಧ ರೊಟ್ಟಿ ಬಿಟ್ಟಳು.

ಮರುದಿನ ನಾನು ಕೆಲಸಕ್ಕೆ ಹೊರಡುವ ಮೊದಲೇ ಅವಳು ಬಾಗಿಲಲ್ಲಿ ಅಡ್ಡ ಕೂತಿದ್ದಳು. "ನಿನ್ನ ಬುಕ್ಕ ತಗೊಂಬಾ. ಓದು."

ನಾನು ಓದಿದೆ. ಪಾದದ ಗಂಟು, ನೀರು, ಕೊಳೆ, ತುಳಿತ. ಆಯಿ ಕಣ್ಣು ಮುಚ್ಚಿ ಕೇಳಿದಳು. ಬೆರಳಿನ ಲೆಕ್ಕ ಓದಿದಾಗ ಮಾತ್ರ, "ಬೆಳದದ್ದು ಅಳದಿ. ಸಾಯೂದು ಯಾವಾಗ ನೋಡ್ತಿ?" ಅಂದಳು. ನನಗೆ ಅರ್ಥವಾಗಲಿಲ್ಲ. ಆಳಂದದ ಚೀಲಗಳನ್ನು ಬಿಚ್ಚಲು ಹೋದರೆ ಬೇಡವೆಂದಳು. "ಎಂಟು ದಿನ ತಡಿ. ನಾ ಒಗದದ್ದು ಏನ್ ಆಗ್ತದ ನೋಡೋಣ."

ಆ ಎಂಟು ದಿನದಲ್ಲಿ ಐದು ದಿನ ಮಳೆ. ಜುಲೈ 30ರ ಬೆಳಿಗ್ಗೆ ಆಯಿಯನ್ನು ಕೈ ಹಿಡಿದು, ಕಂಪೌಂಡಿನ ಬದಿಗಿದ್ದ ಇಟ್ಟಿಗೆಗಳ ಮೇಲೆ ನಡೆಸಿ, ಆ ಗುಡ್ಡೆಯ ಬಳಿ ಕರೆದೊಯ್ದೆ. ಲಾನ್ ಹುಲ್ಲು ಸತ್ತು ಹಳದಿಯಾಗಿತ್ತು. ಹತ್ತು ಗಂಟೆ ಹೂ ನೀರು ನಿಂತು ಕೊಳೆತು ವಾಸನೆ ಬರುತ್ತಿತ್ತು. ನನ್ನ ಮೊದಲ ಸ್ಥಾನದ ಗಿಡ! ನೇರಳೆ ಬಳ್ಳಿ ಬದುಕಿತ್ತು. ಆಯಿ ಅದನ್ನು ಹೆಬ್ಬೆರಳಿನಿಂದ ಒತ್ತಿದಳು. ದಂಟು ಒಡೆದು ಲೋಳೆ ಬಂತು. "ಇದು ಎರಿಗಿಂತ ಜಾಸ್ತಿ ಜಾರ್ತದ" ಅಂದು ಬೆರಳನ್ನು ಗೋಡೆಗೆ ಒರೆಸಿದಳು.

ನದಿ ಬಳ್ಳಿ ಗುಡ್ಡೆಯ ಅಡಿಯಿಂದ ಹೊರಬಂದು ಬಚ್ಚಲ ಬದಿಗೆ ಹರಿದಿತ್ತು. ಆಯಿ ಒಂದು ಎಳೆ ಹಿಡಿದು ಎಳೆದಳು. ಸುಲಭಕ್ಕೆ ಬರಲಿಲ್ಲ. ಗೆಣ್ಣಿಗೊಂದರಂತೆ ಬೇರು ಬಿಟ್ಟು ನೆಲ ಹಿಡಿದಿತ್ತು.

ಆಯಿ ಎಳೆಯನ್ನು ಬಿಟ್ಟು ಕೈ ಝಾಡಿಸಿದಳು. "ನಾ ಕಸ ತಗದ್ರ ಮಣ್ಣು ಝಾಡಿಸಿ, ಬೇರು ಮ್ಯಾಲ ಮಾಡಿ ಒಗೀತೇನಿ. ನನ್ನ ಕೈಯಾಗಿಂದ ಹೋದದ್ದು ತಿರಗಿ ಬದುಕಿದ್ದು ನಾ ಕಂಡಿಲ್ಲ, ಕರಕಿ ಬಿಟ್ರ. ಇದು ಬದುಕೇದ." ಸೋತವಳ ಹಾಗೆ ಹೇಳಲಿಲ್ಲ. "ಇದನ್ನಽ ಹಚ್ಚೋಣ."

"ಇದು ನನ್ನ ಲೆಕ್ಕದಾಗ ಕೊನೀದು, ಆಯಿ."

"ನಿನ್ನ ಲೆಕ್ಕ ನೀ ತಿದ್ದಕೊ."

ಗುಡ್ಡೆಯಿಂದ ಬೇರು ಬಿಟ್ಟ ತುಂಡು ಐವತ್ತೇಳು ಸಿಕ್ಕವು. ಚಾಚಿ ತವರಿಗೆ ಫೋನ್ ಮಾಡಿದಳು. ಮೂರನೇ ದಿನ ಅವಳ ತಮ್ಮ ನದಿ ದಂಡೆಯಿಂದ ಗೊಬ್ಬರದ ಚೀಲದಲ್ಲಿ ಒಂದಷ್ಟು ತುಂಬಿಸಿ ಬಸ್ಸಿಗೆ ಹಾಕಿ ಕಳಿಸಿದ. ಅದರಲ್ಲಿ ಚಲೋ ಇದ್ದವು ನೂರಾ ಹನ್ನೊಂದು. ಒಟ್ಟು ನೂರಾ ಅರವತ್ತೆಂಟು. ಆಗಸ್ಟ್ ಮೊದಲ ವಾರ ನಾಲ್ಕು ದಿನ ಆಯಿ ಮಣೆಯ ಮೇಲೆ ಕೂತು ಸರಿಯುತ್ತಾ ಹಚ್ಚಿದಳು. ಕೂತು ಮಾಡುವ ಕೆಲಸವಾದ್ದರಿಂದ ಅಪ್ಪ ಏನೂ ಅನ್ನುವಂತಿರಲಿಲ್ಲ. ನಾನು ಸ್ಕೇಲು ತಂದರೆ ಬೇಡವೆಂದಳು. ಸಾಲಿಂದ ಸಾಲಿಗೆ ಮೊಳ, ಬಳ್ಳಿಯಿಂದ ಬಳ್ಳಿಗೆ ಗೇಣು. ಹನ್ನೆರಡು ಸಾಲು, ಸಾಲಿಗೆ ಹದಿನಾಲ್ಕು. ಆಮೇಲೆ ನಾನು ಅಳೆದು ನೋಡಿದೆ. ಎಲ್ಲಿಯೂ ಎರಡು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಇರಲಿಲ್ಲ.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಸಾಲುಗಳ ನಡುವೆ ಕಸ ಎದ್ದಿತು. ಬಳ್ಳಿ ಹಬ್ಬುವ ತನಕ ಅದನ್ನು ತೆಗೆಯುತ್ತಲೇ ಇರಬೇಕು. ಆಗಸ್ಟ್ 18ರಂದು ನಾನೂ ಕೈ ಹಾಕಿದೆ. ಅರ್ಧ ಗಂಟೆ ಆದ ಮೇಲೆ ಆಯಿ ನನ್ನ ಬುಟ್ಟಿಗೆ ಕೈ ಹಾಕಿ ಒಂದೊಂದೇ ಹೊರಗೆ ತೆಗೆದಳು. ನದಿ ಬಳ್ಳಿಯ ಒಂಬತ್ತು ಎಳೆ.

"ಕಸ ಯಾವ್ದು, ಗಿಡ ಯಾವ್ದು ತಿಳಿಯಂಗಿಲ್ಲೇನು ಬೇ ನಿನಗ?"

ಕಂಪೌಂಡಿನ ಆಚೆಯಿಂದ ಚಾಚಿ, "ದಾರಾ ಕಟ್ಟರಿ ಆಯಿ, ದಾರಾ ಕಟ್ಟರಿ!" ಅಂದಳು. ಆಯಿ ನಕ್ಕು ನಕ್ಕು ಮಣೆಯ ಮೇಲೆ ಅಲುಗಾಡಿದಳು. ಆ ತಿಂಗಳು ಅವಳು ಅರ್ಧ ರೊಟ್ಟಿ ಬಿಟ್ಟ ದಿನ ಒಂದೂ ಇಲ್ಲ. ನಾನು ನೋಡಿಕೊಂಡಿದ್ದೇನೆ.

ಸೆಪ್ಟೆಂಬರ್‌ಗೆ ಬಳ್ಳಿ ಸಾಲು ಮೀರಿತು. ತಿಂಗಳ ಕೊನೆಗೆ ಸಾಲುಗಳೇ ಕಾಣದಾದವು. ಗೇಟಿನ ಬಳಿ ಅಪ್ಪ ಬೈಕು ನಿಲ್ಲಿಸುವ ಜಾಗ ಒಂದೇ ಬೋಳಾಗಿ ಉಳಿಯಿತು. ಸಣ್ಣ ಬಿಳಿ ಹೂಗಳಿಗೆ ಜೇನು ಬರತೊಡಗಿದವು.

ದಸರಾ ಎಂಟು ದಿನ ಇದೆ ಎನ್ನುವಾಗ ಹಸ್ತದ ಮಳೆ ಇಡೀ ರಾತ್ರಿ ಹೊಡೆಯಿತು. ಬೆಳಿಗ್ಗೆ ಅಪ್ಪ ಬೀದಿಗೆ ಹೋಗಿ ಗೇಟಿನ ಹೊರಗೆ ನಿಂತ, ಚಪ್ಪಲಿಯನ್ನು ಬಕೆಟ್ ನೀರಿನಲ್ಲಿ ತೊಳೆದುಕೊಂಡ. ಆಯಿ, ಅವ್ವ, ಚಾಚಿ, ನಾನು ಕಟ್ಟೆಯ ಮೇಲೆ. ಅಪ್ಪ ಗೇಟು ತೆರೆದು ನಡೆದ. ಏಳು ಹೆಜ್ಜೆ. ಕಟ್ಟೆ ಹತ್ತಿ ಎಡ ಚಪ್ಪಲಿ ತಿರುಗಿಸಿದ, ಸ್ವಚ್ಛ. ಬಲದ್ದು ತಿರುಗಿಸಿದ. ಹಿಮ್ಮಡಿಗೆ ಎರಿ ಹತ್ತಿತ್ತು.

"ಅದು ನಿನ್ನ ಬೈಕಿನ ಗಾಲಿ ತಿಂದ ಜಾಗಾ" ಅಂದಳು ಆಯಿ ಒಡನೆಯೇ.

"ಎರಿ ಎರಿನೇ, ಅವ್ವಾ. ಹತ್ತಬಾರದು ಅಂದಿದ್ದೆ."

"ತೂಕಾ ಮಾಡ್ರಿ!" ಅಂದಳು ಚಾಚಿ. ಅವ್ವ ತಕ್ಕಡಿ ಕೊಡುವುದಿಲ್ಲ ಅಂದಳು, ಆಮೇಲೆ ಕೊಟ್ಟಳು. ಹದಿನೆಂಟು ಗ್ರಾಂ. ನಾನು ಜೂನ್ 8ರ ಪುಟ ತೆರೆದು 640 ಎಂಬ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅಪ್ಪ ಓದಿ ನೋಟ್‌ಬುಕ್ಕನ್ನು ತಿರುಗಿ ಕೊಟ್ಟ. ಅವನು ಮಾತು ಬದಲಿಸುವವನಲ್ಲ, ನಮಗೆಲ್ಲ ಗೊತ್ತು.

ಆಗ ಆಯಿ ಕುರ್ಚಿಯಿಂದ ಎದ್ದಳು. ಗೋಡೆ ಹಿಡಿದು ಕಟ್ಟೆಯ ಮೆಟ್ಟಿಲಿಗೆ ಒಂದು ಕಾಲಿಟ್ಟಳು.

"ಅವ್ವಾ, ಇಳೀಬ್ಯಾಡ!" ಅಪ್ಪ ಕೈ ಚಾಚಿದ.

"ಕೈ ತಗಿ. ಹಚ್ಚಿದಾಕಿ ನಾನು."

ಬರಿಗಾಲು ಬಳ್ಳಿಯ ಮೇಲೆ ಊರಿದಳು. ನೀರು ಚಿಲ್ ಎಂದು ಬೆರಳ ಸಂದಿಯಲ್ಲಿ ಎದ್ದಿತು, ಕಾಲು ಅಲ್ಲೇ ನಿಂತಿತು. ನಾನು ಎಣಿಸಿದೆ. ಒಂಬತ್ತು, ಹತ್ತು. ಹನ್ನೊಂದನೆಯದಕ್ಕೆ ಅಪ್ಪ ನನ್ನ ಭುಜ ಹಿಡಿದದ್ದು ನೋವಾಗುವಷ್ಟಿತ್ತು. ಆಯಿ ಹನ್ನೆರಡನೇ ಹೆಜ್ಜೆ ಇಟ್ಟಳು, ನಿಂತಳು, ಬಗ್ಗಿ ಏನನ್ನೋ ಕಿತ್ತಳು. ಒಂದು ಕರಕಿ ಎಳೆ. ಅದನ್ನು ಝಾಡಿಸಿ, ಬೇರು ಮೇಲೆ ಮಾಡಿ ಕಂಪೌಂಡಿನ ಆಚೆ ಒಗೆದಳು. ಬೋಳು ಜಾಗದ ಈಚೆಯೇ ನಿಂತು, ಕೈ ಚಾಚಿ ಗೇಟು ಮುಟ್ಟಿ, ತಿರುಗಿ ಬಂದಳು. ಕಟ್ಟೆಯ ಮೇಲೆ ಕೂತು ಎರಡೂ ಅಂಗಾಲುಗಳನ್ನು ಅಪ್ಪನ ಮುಂದೆ ಎತ್ತಿ ಹಿಡಿದಳು. ಅಂಗಾಲಿಗೆ ಅಲ್ಲಲ್ಲಿ ಬಿಳಿ ಹೂಗಳು ಅಂಟಿದ್ದವು. ಎರಿ ಇರಲಿಲ್ಲ.

ಅಪ್ಪ ತನ್ನ ಹೆಗಲ ಟವೆಲಿನಿಂದ ಆ ಪಾದಗಳನ್ನು ಒರೆಸಿದ. ಆಮೇಲೆ ಎದ್ದು ಬೋಳು ಜಾಗದ ಬಳಿ ಹೋಗಿ ನೋಡಿದ. "ಇಲ್ಲಿ ಎರಡು ಫರಸಿ ಹಾಕಸ್ತೇನಿ. ಬೈಕಿನ ಬುಡಕ. ನಾ ಹೇಳಿದ ಮಾತು ಹೇಳಿದ್ದೇ."

"ಹಾಕಸು" ಅಂದಳು ಆಯಿ. "ಎರಡಽ ಮತ್ತ."

ದೀಪಾವಳಿಗೆ ಮೊದಲೇ ಎರಡು ಕಲ್ಲು ಬಂದವು. ಅವುಗಳ ಸಂದಿಯಲ್ಲಿ ಈಗ ನದಿ ಬಳ್ಳಿ ಇಣುಕುತ್ತಿದೆ, ಅಪ್ಪ ಅದನ್ನು ನೋಡಿಯೂ ನೋಡದ ಹಾಗೆ ಬೈಕು ನಿಲ್ಲಿಸುತ್ತಾನೆ. ಚಾಚಿಯ ಬ್ಲೌಸು ಬಾಕಿ ಇದೆ, ಬಟ್ಟೆ ಅವಳೇ ಆರಿಸಿದ್ದಾಳೆ, ಹೊಲಿಯುವವಳೂ ಅವಳೇ. ಇವತ್ತು ಬೆಳಿಗ್ಗೆ ಆಯಿ ನೆಲ ನೋಡಿ ಬಂದದ್ದು ಆರು ಸಲ. ಜೇನುಗಳು ಬಹಳವಾದವು, ಹೂ ಉದುರುವ ತನಕ ತನಗೆ ಚಪ್ಪಲಿ ಬೇಕು ಎಂದು ಹೇಳಿದಳು. ತಂದು ಕೊಟ್ಟೆ. ಅವನ್ನು ಕಟ್ಟೆಯ ಮೇಲೆಯೇ ಬಿಟ್ಟು ಬರಿಗಾಲಲ್ಲೇ ಹೋದಳು.